ಕುಂಕುಮ ಇಟ್ಟ ಸ್ಟೇರಿಂಗು

ಒಂದು ಶುಕ್ರವಾರ ಮುಂಜಾನೆ ಆ ಅಕ್ಕ ನಮ್ಮ ಗ್ಯಾರೇಜಿಗೆ ಬಂದರು. ಬಂದವರೇ ಕಾರಿನ ಮಾತು ಎತ್ತದೆ ತಮ್ಮ ಎಡಗೈಯನ್ನು ನನ್ನ ಮುಂದೆ ಚಾಚಿದರು.

"ಮೊದಲ ಇದನ್ನ ನೋಡ್ರಿ ಅಣ್ಣಾರ. ಸಣ್ಣಾಕಿ ಇದ್ದಾಗಿಂದ ಹಿಂಗ. ಎದಿ ತನಕ ಏರ್ತೈತಿ, ಮ್ಯಾಲ ಏರೂದಿಲ್ಲ. ಗೇರ್ ಕಡ್ಡಿ ಹಿಂದ ಮುಂದ ದೂಡತೈತಿ, ಅಷ್ಟ ಇದರ ಚಾಕರಿ. ಉಳಿದದ್ದೆಲ್ಲಾ ಬಲಗೈ. ಈಗ ಹೇಳ್ರಿ, ನನಗ ಒಪ್ಪು ಸ್ಟೇರಿಂಗ್ ಕುಂದ್ರಿಸಿ ಕೊಡ್ತೀರೇನು?"

ಮಾತಿನಿಂದಲೇ ನಮ್ಮ ಕಡೆಯವರೆಂದು ತಿಳಿಯಿತು. ಊರು ಕೇಳಿದರೆ ಮುದ್ದೇಬಿಹಾಳದ ಹತ್ತಿರದ ಹಳ್ಳಿ. ಈಗ ಇಲ್ಲೇ ಹೈದರಾಬಾದಿನ ಮಣಿಕೊಂಡದಲ್ಲಿ ಮನೆ. ಮನೆಯಲ್ಲೇ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾರೆ. ಅರ್ಧ ಗಿರಾಕಿಗಳು ಸುತ್ತಲಿನ ಫ್ಲ್ಯಾಟುಗಳಲ್ಲಿ, ಇನ್ನರ್ಧ ಅಮೀರ್‌ಪೇಟ್‌ನ ಹಾಸ್ಟೆಲ್ಲುಗಳಲ್ಲಿ. ಅನ್ನ ಸಾಂಬಾರು ತಿಂದು ಬೇಸತ್ತ ನಮ್ಮ ಕಡೆ ಹುಡುಗರಿಗೆ ಆ ರೊಟ್ಟಿ ಅಂದರೆ ಊರಿಂದ ತಾಯಿ ಬಂದಂತೆ. ಬುಟ್ಟಿ ಹೊತ್ತು ಬಸ್ಸು ಹತ್ತುವುದು ಆಗದೆಂದು ಗಂಡ ಹಳೆಯದೊಂದು ಗೇರಿಲ್ಲದ ಕಾರು ಕೊಂಡುಕೊಟ್ಟಿದ್ದರು. ಗೇರಿಲ್ಲದ್ದು ಅಂದರೆ ತನ್ನಷ್ಟಕ್ಕೆ ತಾನೇ ಗೇರು ಬದಲಿಸಿಕೊಳ್ಳುವಂಥದ್ದು. ಓಡಿಸುವುದು ಮಾತ್ರ ಮೈದುನ. ಅವನಿಗೆ ಮನಸ್ಸಾದರೆ ಅಮೀರ್‌ಪೇಟ್, ಇಲ್ಲವಾದರೆ ರೊಟ್ಟಿ ಮನೆಯಲ್ಲೇ ಮೆತ್ತಗಾಗಬೇಕು.

ಅಕ್ಕ ಗಂಡನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಓಡಿಸುವುದನ್ನು ಕಲಿತಿದ್ದರು. ಒಮ್ಮೆ ಲೈಸನ್ಸಿನ ಪರೀಕ್ಷೆಗೂ ಹೋಗಿದ್ದರು. ಒಂಟಿಗೈಯವರು ಸ್ಟೇರಿಂಗಿನ ಅಂಚಿಗೆ ಒಂದು ಗುಂಡು ಹಿಡಿಕೆ ಬಿಗಿದುಕೊಳ್ಳುತ್ತಾರೆ. ಅದನ್ನು ಮುಷ್ಟಿಯಲ್ಲಿ ಹಿಡಿದು ಚಕ್ರ ತಿರುಗಿಸುತ್ತಾರೆ. ಇವರ ಹಳೆಯ ಸ್ಟೇರಿಂಗು ದೊಡ್ಡದು, ಅಂಚು ದಪ್ಪ. ಹಿಡಿಕೆ ಪರೀಕ್ಷೆಯ ನಡುವೆಯೇ ಜಾರಿ, ಫೇಲಾಗಿದ್ದರು.

"ಸೋಮವಾರ ಮತ್ತ ಕರದಾರ" ಎಂದರು ಅಕ್ಕ. "ಮನೀಯವರು ಹೇಳ್ಯಾರ, ಈ ಸಲಾನೂ ಆಗಲಿಲ್ಲ ಅಂದ್ರ ಗಾಡಿ ಮಾರಿಬಿಡೂಣು ಅಂತ. ತಗೊಳ್ಳಾವನ್ನೂ ನಮ್ಮ ಮೈದುನ ಹುಡುಕಿ ಇಟ್ಟಾನ."

ಮೈದುನ ಕಾರಿಗೆ ಒರಗಿ ನಿಂತು ಕೀಲಿಕೈ ತಿರುಗಿಸುತ್ತಿದ್ದ. "ವೈನಿ, ನಾ ಏನ್ ವೈರಿ ಏನು? ನಿಮ್ಮ ಸಲುವಾಗೇ ಹೇಳಾಕತ್ತೀನಿ. ಡ್ರೈವರ್ ಅಂತ ನಾ ಇಲ್ಲೇನು?"

"ಇದ್ದೀ ತಮ್ಮಾ. ನೀ ಎದ್ದ ಮ್ಯಾಲ ಇರ್ತಿ."

ನನ್ನ ಪಾರ್ಟ್ನರು ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವನು, ದಖನಿ ಬಿಟ್ಟರೆ ಬೇರೆ ಮಾತು ಬಾಯಿಗೆ ಬರದು. ಒಂದು ಟ್ಯಾಕ್ಸಿಯ ಕೆಳಗೆ ಮಲಗಿ ಕ್ಲಚ್ಚು ಬಿಚ್ಚುತ್ತಿದ್ದವನಿಗೆ ಕನ್ನಡ ಎಷ್ಟು ತಿಳಿಯಿತೋ, ಅಲ್ಲಿಂದಲೇ ಕಿಸಕ್ಕೆಂದು ನಕ್ಕ.

ಕಾರು ಹಳೆಯದಾದದ್ದೇ ಒಳ್ಳೆಯದಾಯಿತು. ಸ್ಟೇರಿಂಗಿನಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಇದ್ದಿದ್ದರೆ ನಾನು ಕೈ ಮುಗಿದು ಕಳಿಸುತ್ತಿದ್ದೆ; ಅದನ್ನು ತೆಗೆದು ಬೇರೆ ಚಕ್ರ ಹಾಕುವುದು ಜೀವದ ಜೊತೆ ಆಟ. ಇಲ್ಲಿ ಕೆಲಸ ನೇರವಾಗಿತ್ತು. ಹಾರ್ನಿನ ಮುಚ್ಚಳ ತೆಗೆ, ನಡುವಿನ ದೊಡ್ಡ ನಟ್ಟು ಸಡಿಲಿಸು, ಪುಲ್ಲರ್ ಹಾಕಿ ಹಳೆಯ ಚಕ್ರ ಎಳೆ. ಒಳಗೆ ಒಂದು ಉಕ್ಕಿನ ದಂಡು ಉಳಿಯುತ್ತದೆ, ಸುತ್ತಲೂ ಸಣ್ಣ ಸಣ್ಣ ಹಲ್ಲುಗಳು. ಅದರ ಮೇಲೆ ಬಾಸ್ ಅಂತ ಒಂದು ಬಟ್ಟಲಿನಂಥ ಕೊಂಡಿ ಕೂರಿಸಬೇಕು, ಬಾಸಿನ ಮೇಲೆ ಹೊಸ ಚಕ್ರ ಬೋಲ್ಟು ಮಾಡಬೇಕು. ಬಾಸು ಯಾವ ಹಲ್ಲಿಗೆ ಕೂತಿತೋ ಚಕ್ರ ಹಾಗೆ ನಿಲ್ಲುತ್ತದೆ. ಒಂದು ಹಲ್ಲು ಆಚೆ ಈಚೆಯಾದರೂ ಕಾರು ನೆಟ್ಟಗೆ ಓಡುವಾಗ ಚಕ್ರ ಕತ್ತು ವಾಲಿಸಿಕೊಂಡಿರುತ್ತದೆ. ಎರಡು ಕೈಯವರು ಅದನ್ನು ಸಹಿಸಿಕೊಳ್ಳಬಹುದು. ಹಿಡಿಕೆ ಹಿಡಿದು ಓಡಿಸುವವರಿಗೆ ಹಿಡಿಕೆ ಎಲ್ಲಿದೆಯೋ ಅದೇ ದಿಕ್ಕು, ಅದೇ ಲೆಕ್ಕ. ಅದಕ್ಕೇ ಬಿಚ್ಚುವ ಮುನ್ನ ಮುಂದಿನ ಗಾಲಿ ನೆಟ್ಟಗೆ ನಿಲ್ಲಿಸಿ, ದಂಡಿನ ಮೂತಿಯ ಮೇಲುಗಡೆ ಕೆಂಪು ಮೇಣದ ಪೆನ್ಸಿಲಿನಿಂದ ಒಂದು ಬೊಟ್ಟು ಇಟ್ಟೆ. ನನ್ನನ್ನು ಸಾಕಿದ ಅಜ್ಜಿ ಹೇಳುತ್ತಿದ್ದಳು, ಅಡವಿಗೆ ಹೋಗುವಾಗ ಗುರುತು ಇಟ್ಟು ಹೋಗು, ಬರುವಾಗ ದೇವರನ್ನು ಕೇಳುವ ಪ್ರಸಂಗ ಬರಬಾರದು ಅಂತ.

ಬಾಸು ಕೂರಲಿಲ್ಲ. ಅಂಗಡಿಯವನು ಬೇರೆ ಗಾಡಿಯ ಹಲ್ಲಿನದು ಕೊಟ್ಟಿದ್ದ. ಬಡಿದು ಕೂರಿಸುವ ಪಾಪಿಗಳೂ ಇದ್ದಾರೆ. ದಂಡಿನ ಹಲ್ಲು ಸವೆದರೆ ನಡುರಸ್ತೆಯಲ್ಲಿ ಚಕ್ರ ಕೈಗೆ ಬರುತ್ತದೆ. ಅಕ್ಕನನ್ನು ಸಂಜೆಗೆ ಬರಲು ಹೇಳಿ, ಬಾಸು ಬದಲಿಸಿ ತರಲು ನಾನು ಪೇಟೆಗೆ ಹೊರಟೆ. ಸಿಕ್ಕದ್ದು ಎರಡನೆಯ ಅಂಗಡಿಯಲ್ಲಿ. ತಿರುಗಿ ಬರುವಷ್ಟರಲ್ಲಿ ಅಕ್ಕ ಬಂದು ಹೋಗಿದ್ದರು. ಕಾರನ್ನು ಮೂಲೆಗೆ ತಳ್ಳಿ ನಿಲ್ಲಿಸಲಾಗಿತ್ತು. ಬಾನೆಟ್ಟಿಗೆ, ನಾಲ್ಕೂ ಗಾಲಿಗೆ ಕುಂಕುಮ; ಮುಂದೆ ಒಡೆದ ತೆಂಗಿನಕಾಯಿ.

"ಅಮ್ಮಾ ಆಯೇ ಥೇ, ಪೂಜಾ ಕರ್‌ಕೇ ಗಯೇ" ಎಂದ ಪಾರ್ಟ್ನರು ಕೊಬ್ಬರಿ ಅಗಿಯುತ್ತ. ಅಮ್ಮಾ ಅಂದರೆ ಅಕ್ಕನ ಅತ್ತೆ. ಬೇಗಂ ಬಜಾರಿಗೆ ಜೋಳ ಕೊಳ್ಳಲು ಬಂದವರು ಶುಕ್ರವಾರ ಎಂದು ಸೊಸೆಯ ಜೊತೆ ಗ್ಯಾರೇಜಿಗೂ ಬಂದಿದ್ದರಂತೆ. ಒಳ್ಳೆಯದೇ ಆಯಿತು ಅಂದುಕೊಂಡೆ.

ಶನಿವಾರ ಮುಂಜಾನೆ ಕೆಲಸಕ್ಕೆ ಕೂತೆ. ಗಾಲಿ ನೆಟ್ಟಗೆ ಮಾಡಿ ನೋಡಿದರೆ, ದಂಡಿನ ಮೇಲಿನ ಕೆಂಪು ಬೊಟ್ಟು ನೆತ್ತಿಯಲ್ಲಿರಲಿಲ್ಲ. ಗಡಿಯಾರದ ಹನ್ನೆರಡರಲ್ಲಿ ಇರಬೇಕಾದದ್ದು ಹನ್ನೊಂದರಲ್ಲಿತ್ತು. ಕಣ್ಣಳತೆಯಲ್ಲಿ ಗಾಲಿ ನೆಟ್ಟಗಿದ್ದಂತೆ ಕಂಡರೂ ಇಲ್ಲದಿರಬಹುದು, ಗುರುತು ಸುಳ್ಳು ಹೇಳುವುದಿಲ್ಲ ಎಂದುಕೊಂಡೆ. ಬಾಸಿನ ನೆತ್ತಿಯನ್ನು ಆ ಬೊಟ್ಟಿಗೆ ಕೂಡಿಸಿ ಕೂರಿಸಿದೆ. ನಟ್ಟು ಬಿಗಿದು, ಹೊಸ ಸಣ್ಣ ಚಕ್ರ ಬೋಲ್ಟು ಮಾಡಿ, ಹಿಡಿಕೆಯನ್ನು ಅಕ್ಕ ತೋರಿಸಿದ ಜಾಗದಲ್ಲಿ, ಬಲ ಮೇಲ್ಭಾಗದಲ್ಲಿ ಕಟ್ಟಿದೆ. ರಸ್ತೆಗಿಳಿಸಿದರೆ ಕಾರು ನೆಟ್ಟಗೆ ಓಡುತ್ತಿದೆ, ಚಕ್ರ ಎಡಕ್ಕೆ ವಾಲಿ ಕೂತಿದೆ. ಇಂಡಿಕೇಟರೂ ಕೆಟ್ಟಿತು: ತಿರುವು ಮುಗಿದ ಮೇಲೆ ತಾನಾಗಿ ಆರಬೇಕಾದದ್ದು ಒಂದು ಕಡೆ ಬೇಗ ಆರುತ್ತದೆ, ಇನ್ನೊಂದು ಕಡೆ ಆರುವುದೇ ಇಲ್ಲ. ಒಂದೇ ಕೈಯವರಿಗೆ ಅದು ಸಣ್ಣ ಮಾತಲ್ಲ. ಹಿಡಿಕೆ ಹಿಡಿದ ಕೈ ಇಂಡಿಕೇಟರು ಆರಿಸಲು ಹೋದರೆ ಚಕ್ರ ಯಾರು ಹಿಡಿಯಬೇಕು?

ಅಕ್ಕನಿಗೆ ಫೋನು ಮಾಡಿದೆ. "ಹಳೇ ಸ್ಟೇರಿಂಗ್ ನೆಟ್ಟಗ ಇತ್ತೇನ್ರಿ ಅಕ್ಕಾರ?"

"ನಾ ಸ್ಟೇರಿಂಗ್ ಎಲ್ಲಿ ನೋಡಿದ್ನಿರಿ, ರಸ್ತಾ ನೋಡಿ ಓಡಿಸ್ಯಾಕಿ. ತಡೀರಿ, ಇವಂಗ ಕೇಳ್ರಿ."

ಮೈದುನ ಫೋನು ತೆಗೆದುಕೊಂಡು ದನಿ ಇಳಿಸಿದ. "ಅಣ್ಣಾ, ವೈನಿಗೆ ಹೇಳಬ್ಯಾಡ್ರಿ. ನಿನ್ನಿ ನಿಮ್ಮಲ್ಲಿಗೆ ಬರೂವಾಗ ಡಿವೈಡರಿಗೆ ಒಂದ್ ಚೂರು ಮುತ್ತು ಕೊಟ್ಟೈತಿ ಗಾಡಿ. ಚೂರ ಅಂದ್ರ ಚೂರ."

ಅಲ್ಲಿಗೆ ನನ್ನ ಲೆಕ್ಕ ಕೂಡಿತು. ಡಿವೈಡರಿನ ಪೆಟ್ಟಿಗೆ ಮುಂದಿನ ಗಾಲಿಗಳ ಹೊಂದಿಕೆ ತಪ್ಪಿದೆ, ಸ್ಟೇರಿಂಗಿನದೇನೂ ಇಲ್ಲ. ಸ್ಟೇರಿಂಗು ತಿರುಗಿದಾಗ ಕೆಳಗೆ ರ್ಯಾಕ್ ಅನ್ನುವ ಸರಳು ಎಡ ಬಲ ಸರಿಯುತ್ತದೆ. ಅದರ ಎರಡು ತುದಿಯ ಟೈ ರಾಡುಗಳು ಗಾಲಿಗಳನ್ನು ದೂಡುತ್ತವೆ. ಟೈ ರಾಡಿನ ಉದ್ದ ಹೆಚ್ಚು ಕಡಿಮೆ ಮಾಡಿದರೆ ಗಾಲಿಯ ಮುಖ ತಿರುಗುತ್ತದೆ. ಕಾರನ್ನು ಅಲೈನ್‌ಮೆಂಟ್ ಅಂಗಡಿಗೆ ಒಯ್ದು, "ಚಕ್ರ ನೆಟ್ಟಗೆ ಕಟ್ಟಿ ಹಾಕ್ರಿ, ಗಾಲಿ ಅದಕ್ಕ ಹೊಂದಿಸಿ ಕೊಡ್ರಿ" ಎಂದೆ. ಅವರು ಹೇಳಿದ್ದನ್ನು ಹೇಳಿದಂತೆ ಮಾಡಿದರು. ಯಂತ್ರದ ಪರದೆಯ ತುಂಬ ಹಸಿರು. ರಸ್ತೆಯಲ್ಲಿ ಚಕ್ರ ನೆಟ್ಟಗೆ, ಕಾರೂ ನೆಟ್ಟಗೆ. ಇಂಡಿಕೇಟರು ಎರಡೂ ಕಡೆ ತಾನಾಗಿ ಆರಿತು. ನಾನು ದಾರಿಯಲ್ಲೇ ಚಹಾ ಕುಡಿದು ನಿರಾಳವಾಗಿ ಮರಳಿದೆ.

ಭಾನುವಾರ ಮಧ್ಯಾಹ್ನ ಮಣಿಕೊಂಡದಲ್ಲಿ ಅಕ್ಕನ ಮನೆಯ ಹಿಂದಿನ ಖಾಲಿ ಸೈಟಿಗೆ ಹೋದೆವು. ಪರೀಕ್ಷೆಯಲ್ಲಿ ಅಂಕಿ ಎಂಟರ ಆಕಾರದ ದಾರಿಯಲ್ಲಿ ಗೆರೆ ತುಳಿಯದೆ ಓಡಿಸಬೇಕು. ಪಾರ್ಟ್ನರು ಹಗ್ಗ ಹಿಡಿದು ಅಳತೆ ಹಾಕಿಕೊಟ್ಟ. ಗೆರೆ ಎಳೆದದ್ದು ಅತ್ತೆ, ರಂಗೋಲಿ ಪುಡಿಯಿಂದ. ಎಪ್ಪತ್ತರ ಮುದುಕಿ, ಸೆರಗು ಸೊಂಟಕ್ಕೆ ಸಿಗಿಸಿ, ಬಗ್ಗಿದ ನಡುವನ್ನು ಎತ್ತದೆ ಅಷ್ಟು ದೊಡ್ಡ ಎಂಟನ್ನು ಒಂದೇ ಸಮ ಸುತ್ತಿಬಿಟ್ಟರು.

"ಆಯಿ, ಸರಕಾರದವರು ನಿಮ್ಮನ್ನ ನೋಡಿದ್ರ ಕೆಲಸಕ್ಕ ಕರೀತಾರ" ಎಂದೆ.

"ಪಗಾರ ಎಷ್ಟಂತ ಕೇಳಿ ಬಾ, ಆಮ್ಯಾಲ ನೋಡೂಣು."

ಅಕ್ಕ ಕೂತರು. ಹಿಡಿಕೆ ಮುಷ್ಟಿಯಲ್ಲಿ ಸರಿಯಾಗಿ ಕೂತಿತು. ಎಡಗಡೆಯ ಸುತ್ತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಯಿತು. ನಾವು ಚಪ್ಪಾಳೆಗೆ ಕೈ ಎತ್ತಿದ್ದೆವು. ಬಲಗಡೆಯ ಸುತ್ತಿಗೆ ಬಂದಾಗ ಚಕ್ರ ಪೂರ್ತಿ ತಿರುಗಿ ತಡೆಗೆ ತಾಗಿತು, ಕಾರು ಮಾತ್ರ ಅಗಲಕ್ಕೆ ಹೋಗಿ ಗೆರೆ ತುಳಿಯಿತು. ಇನ್ನೊಮ್ಮೆ. ಮತ್ತೆ ತುಳಿಯಿತು. ನಾನು ಕಿಟಕಿಯ ಪಕ್ಕ ಓಡುತ್ತ, "ಇನ್ನೂ ಮೊದಲ ತಿರುವಿರಿ, ಇನ್ನೂ ನಿಧಾನ" ಎಂದು ಕೂಗಿದೆ. ಮೂರನೆಯ ಸಲವೂ ಅದೇ ಆಯಿತು. ಆಮೇಲೆ ಎಣಿಸುವುದನ್ನು ಬಿಟ್ಟೆ.

ಅಕ್ಕ ಕಾರು ನಿಲ್ಲಿಸಿ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತರು. "ಇಷ್ಟು ದಿನ ಎಡಗೈ ಒಂದ ನನ್ನ ಮಾತ ಕೇಳೂದಿಲ್ಲ ಅಂತಿದ್ನಿ. ಈಗ ಇದೂ."

"ಹೊಸಾ ಸ್ಟೇರಿಂಗ್‌ಗ ಕೈ ಕುಂದ್ರಾಕ ಹೊತ್ತು ಬೇಕ್ರಿ" ಎಂದೆ. ನನ್ನ ಮಾತು ನನಗೇ ಟೊಳ್ಳಾಗಿ ಕೇಳಿಸಿತು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನಾನೂ ಅವರ ಕೈಯಲ್ಲಿ ಬಲ ಸಾಲದೆಂದೇ ಎಣಿಸಿದ್ದೆ.

"ಗಾಡಿ ಬ್ಯಾರೆ ಇರಬೇಕಿತ್ತು, ಜಾಗಾ ಬ್ಯಾರೆ ಇರಬೇಕಿತ್ತು" ಎಂದ ಮೈದುನ ಗೋಡೆಯ ಮೇಲೆ ಕೂತು. "ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ. ಬಿಡ್ರಿ ವೈನಿ, ಆ ತಗೊಳ್ಳಾವಂಗ ಸಂಜಿಗೆ ಬಂದು ಗಾಡಿ ನೋಡಂತ ಹೇಳ್ಲೇನು?"

ಅಕ್ಕ ಬಲಗೈಯನ್ನು ಮತ್ತೆ ಹಿಡಿಕೆಯ ಮೇಲಿಟ್ಟರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾತಾಡಿದ್ದು ಅತ್ತೆ. ಪುಡಿಯ ಡಬ್ಬಿ ಹಿಡಿದು ಮತ್ತೆ ಬಲಸುತ್ತಿನ ಅಂಚಿಗೆ ಬಗ್ಗಿದ್ದರು. "ಏನವಾ ನೀನು, ಅಲ್ಲೇ ಅಲ್ಲೇ ತುಳೀತಿ. ಒಂದ್ ಸಲಾ ಆ ಕಡೆ, ಒಂದ್ ಸಲಾ ಈ ಕಡೆ ತುಳೀಬಾರದೇನು? ಇಲ್ಲೇ ನೆಲಾ ಹೊಂಡ ಬೀಳಾಕತ್ತೈತಿ, ಪುಡಿ ನಿಲ್ಲವಲ್ದು."

ಅವರದು ಬರೀ ಬೇಸರ. ಆದರೆ ನಾನು ಹೋಗಿ ನೋಡಿದೆ. ಟೈರಿನ ಅಚ್ಚು ಒಂದರ ಮೇಲೊಂದು ಗೆರೆ ಕೊರೆದಂತೆ ಬಿದ್ದಿತ್ತು. ಸೋತ ಕೈ ಹಾಗೆ ತಪ್ಪುವುದಿಲ್ಲ. ಸೋತ ಕೈ ಒಮ್ಮೆ ಗೇಣು ತಪ್ಪುತ್ತದೆ, ಒಮ್ಮೆ ಮೊಳ ತಪ್ಪುತ್ತದೆ. ಪ್ರತಿ ಸಲ ಒಂದೇ ಜಾಗದಲ್ಲಿ ತಪ್ಪುವುದು ಕಬ್ಬಿಣ.

"ಅಕ್ಕಾರ, ಇಳೀರಿ ಚೂರು" ಎಂದು ನಾನು ಕೂತೆ. ಎರಡೂ ಕೈ ಹಾಕಿ, ಬಲಕ್ಕೆ ತಡೆಯವರೆಗೆ ತಿರುಗಿಸಿ, ಆಮೆಯ ಹಾಗೆ ಸುತ್ತಿದೆ. ನಾನೂ ಗೆರೆ ತುಳಿದೆ. ಅದೇ ಜಾಗದಲ್ಲಿ. ಇಳಿಯದೆ ಅಲ್ಲೇ ಕೂತು, ಚಕ್ರದ ನೆತ್ತಿಗೆ ಬಿಳಿ ಟೇಪು ಅಂಟಿಸಿ, ನೆಟ್ಟಗಿನಿಂದ ಬಲದ ತಡೆಯವರೆಗೆ ಎಷ್ಟು ಸುತ್ತು, ಎಡದ ತಡೆಯವರೆಗೆ ಎಷ್ಟು ಎಂದು ಎಣಿಸಿದೆ. ಎಡಕ್ಕೆ ಒಂದೂವರೆ ದಾಟಿ ಮೇಲೆ ಬಂತು. ಬಲಕ್ಕೆ ಒಂದೂವರೆ ತುಂಬುವ ಮೊದಲೇ ನಿಂತಿತು. ರ್ಯಾಕು ನಡುವಿನಲ್ಲಿ ಇರಲೇ ಇಲ್ಲ. ನಾವು ಚಕ್ರ ನೆಟ್ಟಗೆ ಮಾಡಿದ್ದೆವು, ಗಾಲಿ ನೆಟ್ಟಗೆ ಮಾಡಿದ್ದೆವು, ಎರಡರ ನಡುವಿನ ಸರಳನ್ನು ಬಲಕ್ಕೆ ಸರಿಸಿಟ್ಟು ಬೀಗ ಹಾಕಿದ್ದೆವು. ಬಲಕ್ಕೆ ತಿರುಗಲು ಅದಕ್ಕೆ ಜಾಗವೇ ಉಳಿದಿರಲಿಲ್ಲ.

ಆದರೆ ಗುರುತು? ಪಾನಾ ತಂದು, ಅಲ್ಲೇ ಸೈಟಿನಲ್ಲಿ ಹಾರ್ನಿನ ಮುಚ್ಚಳ ತೆಗೆದು, ನಟ್ಟು ಬಿಚ್ಚಿದೆ. ದಂಡಿನ ಮೇಲಿನ ಕೆಂಪು ಬೊಟ್ಟನ್ನು ಬೆರಳಿನಿಂದ ಉಜ್ಜಿದೆ. ಮೇಣವಾದರೆ ಅಂಟಬೇಕು. ಇದು ಬೆರಳಿಗೆ ಎಣ್ಣೆಯಾಗಿ ಬಂತು. ಮೂಗಿಗೆ ಹಿಡಿದರೆ ಕೊಬ್ಬರಿ ಎಣ್ಣೆಯ ವಾಸನೆ.

ಅತ್ತೆ ಕಿಟಕಿಯಿಂದ ಬಗ್ಗಿ ನೋಡಿ ಮುಖ ಅರಳಿಸಿದರು. "ಇನ್ನೂ ಐತೇನೋ ನಾ ಹಚ್ಚಿದ ಕುಂಕುಮ! ಎಣ್ಯಾಗ ಕಲಿಸಿ ಹಚ್ಚಿದ್ನಿ, ನಿಲ್ತೈತಿ ಅಂತ. ಗಾಡಿಗೆ ಸ್ಟೇರಿಂಗ್ ಅಂದ್ರ ತಲಿ ಇದ್ದಂಗ. ತಲಿ ಇಲ್ಲದ ಬೋಡ ನಿಂತಿತ್ತು. ಕರೀ ಮಸಿ ಬ್ಯಾರೆ ಇತ್ತು, ಸೆರಗಲೆ ಒರಸಿ ನೆತ್ತಿಗೆ ಒಂದ್ ಬೊಟ್ಟು ಇಟ್ನಿ."

ಒರೆಸಿದ ಮಸಿಯ ಜೊತೆ ನನ್ನ ಮೇಣದ ಗುರುತೂ ಹೋಗಿತ್ತು. ಪಾರ್ಟ್ನರು ಕಾರನ್ನು ಮೂಲೆಗೆ ತಳ್ಳಿದಾಗ ಗಾಲಿ ಬಲಕ್ಕೆ ಹೊರಳಿ, ದಂಡೂ ಹೊರಳಿತ್ತು. ಆಗ ಯಾವುದು ಮೇಲಿತ್ತೋ ಅದೇ ಅವರಿಗೆ ನೆತ್ತಿ. ನಾನು ಮಾರನೆಯ ದಿನ ಗಾಲಿ ನೆಟ್ಟಗೆ ತಂದಾಗ ಆ ನೆತ್ತಿ ಹನ್ನೊಂದಕ್ಕೆ ಹೋಗಿ ಕೂತಿತ್ತು. ಬಾನೆಟ್ಟಿನ ಕುಂಕುಮ ನೋಡಿದ ಕಣ್ಣಿಗೆ ದಂಡಿನ ಕುಂಕುಮ ಕುಂಕುಮವಾಗಿ ಕಾಣಲಿಲ್ಲ.

ವಿಷಯ ತಿಳಿಸಿದೆ. ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರು. "ಅಯ್ಯ ಶಿವನ! ನಾನ ಕೆಡಿಸಿದ್ನೇನವಾ?"

ಅಕ್ಕ ನನ್ನ ಕಡೆ ತಿರುಗಿ ಕೇಳಿದರು. "ಹಂಗಾರ ಮಧ್ಯಾನದಿಂದ ನಾ ಈ ಕೈಗೆ ಬೈದದ್ದು ಯಾತಕ್ರಿ?"

ಆಮೇಲೆ ಅತ್ತೆಯ ಕಡೆ ತಿರುಗಿದರು.

"ಅತ್ತಿ, ನೀವ್ಯಾಕ ಅಳತೀರಿ? ನೀವು ಹಚ್ಚಿದ್ದು ಕುಂಕುಮ. ಅದನ್ನ ಗುರುತು ಅಂತ ತಿಳಕೊಂಡವ್ರು ಇವ್ರು. ಇವ್ರು ಅಳಲಿ."

ಪಾರ್ಟ್ನರು ನನ್ನನ್ನು ಪಕ್ಕಕ್ಕೆ ಕರೆದ. "ಭಾಯ್, ಅಬ್ ಖೋಲನಾ ನಕ್ಕೋ" ಎಂದ, ಈಗ ಬಿಚ್ಚಬೇಡ ಅಂತ. ಅಲೈನ್‌ಮೆಂಟ್ ಅಂಗಡಿ ಭಾನುವಾರ ಮಧ್ಯಾಹ್ನಕ್ಕೇ ಮುಚ್ಚಿದೆ. ಈಗ ಬಿಚ್ಚಿ ನಾಳೆ ಮುಂಜಾನೆಯೊಳಗೆ ಕೂಡದಿದ್ದರೆ ಕಾರು ಪರೀಕ್ಷೆಗೇ ಹೋಗದು. ಅದಕ್ಕಿಂತ ಬಲಸುತ್ತಿಗೆ ಹೊರ ಅಂಚಿನಿಂದ ಅಗಲವಾಗಿ ಹೊಕ್ಕರೆ ಹೇಗೋ ದಾಟಬಹುದು, ಅದನ್ನೇ ಅಕ್ಕನಿಗೆ ಕಲಿಸೋಣ, ಪಾಸಾದ ಮೇಲೆ ಸರಿ ಮಾಡೋಣ ಎಂಬುದು ಅವನ ಮಾತು. ತಪ್ಪು ಮಾತಲ್ಲ. ದಾಟಿಯೂ ಬಿಡುತ್ತಿದ್ದರೇನೋ.

ನಾನು ಅಕ್ಕನನ್ನು ನೋಡಿದೆ. ಅವರು ಬಲಗೈಯ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದರು, ಅಂಗಡಿಯಲ್ಲಿ ನೋಟು ಖರೆಯೋ ಖೊಟ್ಟಿಯೋ ಎಂದು ಬೆಳಕಿಗೆ ಹಿಡಿಯುವ ಹಾಗೆ. ನಾಳೆ ಪಾಸಾದರೂ ಆ ಅನುಮಾನ ಕೈಯಲ್ಲೇ ಉಳಿಯುತ್ತಿತ್ತು. ಡೊಂಕು ನೆಲದ ಮೇಲೆ ಕುಣಿಯುವುದನ್ನು ಕಲಿಸಿದರೆ ಕುಣಿಯುವವಳಿಗೆ ಅದೇನು ಉಪಕಾರ?

"ಬಿಚ್ಚೂಣು" ಎಂದೆ. ಪಾರ್ಟ್ನರು ಹಣೆ ಹಣೆ ಬಡಿದುಕೊಂಡು, ಜ್ಯಾಕು ತರಲು ಹೋದ.

ಈ ಸಲ ಯಾವ ಗುರುತನ್ನೂ ನಂಬುವುದಿಲ್ಲ ಎಂದುಕೊಂಡೆ. ರ್ಯಾಕಿನ ನಡುವನ್ನು ರ್ಯಾಕೇ ಹೇಳಬೇಕು. ಮುಂದಿನ ಎರಡೂ ಗಾಲಿ ನೆಲ ಬಿಡುವಂತೆ ಎತ್ತಿ, ಕೆಳಗೆ ಭದ್ರವಾಗಿ ಸ್ಟ್ಯಾಂಡು ಕೊಟ್ಟೆವು. ಚಕ್ರವನ್ನು ಸುಮ್ಮನೆ ಕೂರಿಸಿ ಎಡದ ತಡೆಯವರೆಗೆ ಒಯ್ದೆ. ಅಲ್ಲಿಂದ ಬಲದ ತಡೆಯವರೆಗೆ ಪೂರ್ತಿ ಸುತ್ತು ಎಣಿಸಿ, ಅದರ ಅರ್ಧಕ್ಕೆ ಮರಳಿದೆ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಎರಡೂ ಕಡೆಯಿಂದ ಬಂದು ಒಂದೇ ಜಾಗಕ್ಕೆ ನಿಲ್ಲುವವರೆಗೆ ಮಾಡಿದೆ. ಆ ನಡುವಿನಲ್ಲಿ ಚಕ್ರದ ನೆತ್ತಿ ಸರಿಯಾಗಿ ಹನ್ನೊಂದರಲ್ಲಿತ್ತು. ದಂಡು ಅಲುಗದಂತೆ ಪಾರ್ಟ್ನರು ಕೆಳಗಿನಿಂದ ಹಿಡಿದ. ನಾನು ಬಾಸು ಎತ್ತಿ, ನೆತ್ತಿ ಹನ್ನೆರಡಕ್ಕೆ ಬರುವ ಹಲ್ಲಿಗೆ ಕೂರಿಸಿದೆ.

ಇನ್ನು ಗಾಲಿಗಳು. ರ್ಯಾಕು ನಡುವಿಗೆ ಬಂದದ್ದರಿಂದ ಎರಡೂ ಗಾಲಿ ಎಡಕ್ಕೆ ಮುಖ ಮಾಡಿ ನಿಂತಿದ್ದವು. ಒಂದು ಟೈ ರಾಡು ಉದ್ದ ಮಾಡಬೇಕು, ಇನ್ನೊಂದನ್ನು ಅಷ್ಟೇ ಗಿಡ್ಡ ಮಾಡಬೇಕು. ಬಲಗಡೆಯ ರಾಡನ್ನು ಬಿಗಿದಿಟ್ಟ ಲಾಕ್ ನಟ್ಟು ಬಿಟ್ಟಿತು. ಎಡಗಡೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಕಾದೆವು. ಮತ್ತೆ ಎಳೆದರೆ ಪಾನಾ ಜಾರಿ ನನ್ನ ಗೆಣ್ಣು ಕಿತ್ತುಬಂತು. ಇನ್ನೊಮ್ಮೆ ಜಾರಿದರೆ ನಟ್ಟಿನ ಮೂಲೆ ಸವೆಯುತ್ತದೆ. ಆಮೇಲೆ ಕೊಯ್ದೇ ತೆಗೆಯಬೇಕು, ಭಾನುವಾರ ಸಂಜೆ ಹೊಸದು ಸಿಗದು. ಸೂರ್ಯ ಫ್ಲ್ಯಾಟುಗಳ ಹಿಂದೆ ಇಳಿಯುತ್ತಿದ್ದ. ಮೈದುನನ ಫೋನು ಸದ್ದು ಮಾಡಿತು. "ಹಾಂ, ಬರ್ರಿ, ಗಾಡಿ ಇಲ್ಲೇ ಐತಿ" ಎಂದು ಶುರು ಮಾಡಿದವನು, ಅತ್ತೆ ತಿರುಗಿ ನೋಡಿದ್ದೇ, "ಆಮ್ಯಾಲ ಮಾಡ್ತೀನ್ರಿ" ಎಂದು ಇಟ್ಟ.

"ಬಾ ಇಲ್ಲಿ" ಎಂದೆ ಅವನಿಗೆ. "ಡಿವೈಡರಿಗೆ ಮುತ್ತು ಕೊಟ್ಟಾವ ಈಗ ಪಾನಾಕ್ಕ ಒಂದ್ ಹೆಗಲು ಕೊಡು."

ಅಕ್ಕ ಥಟ್ಟನೆ ತಿರುಗಿದರು. "ಡಿವೈಡರ್? ಯಾವ ಡಿವೈಡರ್?"

ಅವನು ಬೇಗ ಬಂದು ಕೆಳಗೆ ಮಲಗಿದ. ಪಾರ್ಟ್ನರು ಒಂದು ಪಾನಾದಿಂದ ರಾಡನ್ನು ಹಿಡಿದು ನಿಲ್ಲಿಸಿದ, ಮೈದುನ ಇನ್ನೊಂದು ಪಾನಾಕ್ಕೆ ಪೈಪು ತೊಡಿಸಿ ಕಾಲು ಗಾಲಿಗೆ ಕೊಟ್ಟು ಒದ್ದ. ಕಿರ್ ಎಂದು ಕೂಗಿ ನಟ್ಟು ಬಿಟ್ಟಿತು. ಮೈದುನನ ಮುಖದ ಮೇಲೆ ಉದುರಿದ ತುಕ್ಕು ಒರೆಸಲು ಯಾರೂ ಹೋಗಲಿಲ್ಲ.

ಕಾರು ನೆಲಕ್ಕಿಳಿಸಿ, ಹಿಂದಿನ ಗಾಲಿಯಿಂದ ಮುಂದಿನ ಗಾಲಿಯವರೆಗೆ ಎರಡೂ ಬದಿಗೆ ನೂಲು ಬಿಗಿದೆ. ಯಂತ್ರಗಳು ಬರುವ ಮೊದಲು ಎಲ್ಲ ಗ್ಯಾರೇಜುಗಳಲ್ಲೂ ಇದೇ ಅಲೈನ್‌ಮೆಂಟು. ನೂಲು ನಾಲ್ಕೂ ಟೈರಿನ ಬದಿಗೆ ಹದವಾಗಿ ಸೋಕಬೇಕು. ರಾಡು ಒಂದಿಷ್ಟು ತಿರುಗಿಸು, ಕಾರು ಹಿಂದೆ ಮುಂದೆ ಉರುಳಿಸು, ಮತ್ತೆ ನೂಲು ನೋಡು. ಒಂದು ಬದಿಯ ರಾಡು ಎಷ್ಟು ಸುತ್ತು ತಿರುಗಿಸಿದರೆ ಇನ್ನೊಂದು ಬದಿಗೂ ಅಷ್ಟೇ. ಕೊನೆಗೆ ನೂಲು ಸುಮ್ಮನಾಯಿತು. ಲಾಕ್ ನಟ್ಟು ಬಿಗಿದು, ಚಕ್ರದ ನಡುವಿನ ನಟ್ಟನ್ನು ಬಿಗಿ ಅಳೆಯುವ ಟಾರ್ಕ್ ಪಾನಾದಿಂದ ಬಿಗಿದು, ಎರಡು ಕೈಯಿಂದ ಜಗ್ಗಿ ನೋಡಿದೆ. ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ಸುತ್ತು.

ಹಾರ್ನಿನ ಮುಚ್ಚಳ ಹಾಕುವ ಮುನ್ನ ಅತ್ತೆಯನ್ನು ಕರೆದೆ. "ಆಯಿ, ಈಗ ಹಚ್ಚರಿ."

"ಬ್ಯಾಡೋ ಯಪ್ಪಾ, ಮತ್ತ ಕೆಟ್ಟಗಿಟ್ಟೀತು."

"ಈಗ ನೆತ್ತಿ ಎಲ್ಲೈತಿ ಅಂತ ನನಗ ಗೊತ್ತೈತಿ. ಇಲ್ಲೇ ಹಚ್ಚರಿ."

ನನ್ನ ಬೆರಳು ತೋರಿಸಿದಲ್ಲಿ ಅವರು ಬೊಟ್ಟಿಟ್ಟರು. ಆಮೇಲೆ ಸುತ್ತಲೂ ಕತ್ತಲಾಗುವ ಮೊದಲು ಅಳಿಸಿಹೋದ ಗೆರೆ ತಿದ್ದಲು ಬಗ್ಗಿದರು. ಅಕ್ಕ ಎಡಸುತ್ತು ಮುಗಿಸಿದರು, ಬಲಸುತ್ತಿಗೆ ಹೊಕ್ಕರು. ಟೈರು ಹಳೆಯ ಅಚ್ಚಿನ ಒಳಬದಿಯಲ್ಲಿ, ಗೆರೆಗೆ ಗೇಣು ಬಿಟ್ಟು ಹಾದುಹೋಯಿತು. ಅಕ್ಕ ನಿಲ್ಲಿಸಲಿಲ್ಲ. ಮತ್ತೊಂದು ಎಂಟು, ಇನ್ನೊಂದು ಎಂಟು. ರಂಗೋಲಿ ಹಾಗೇ ಇತ್ತು.

ಸೋಮವಾರ ಅಕ್ಕ ನನ್ನನ್ನೂ ಕರೆದೊಯ್ದರು, "ಕೆಟ್ರ ನಿಮ್ಮನ್ನ ಹಿಡಕೊಳ್ಳಾಕ" ಎಂದು. ಬೇಲಿಯ ಹೊರಗೆ ನಾನು, ಅತ್ತೆ, ಮೈದುನ. ಇನ್ಸ್‌ಪೆಕ್ಟರು ಕಾರಿನೊಳಗೆ ಬಗ್ಗಿ ಹಿಡಿಕೆ ಅಲುಗಿಸಿ ನೋಡಿದ್ದು ಕಂಡಿತು, ತೆಲುಗಿನಲ್ಲಿ ಏನೋ ಕೇಳಿದ್ದು ಕೇಳಿಸಲಿಲ್ಲ. ಕಾರು ಹೊರಟಿತು. ಎಡಸುತ್ತು ಆಯಿತು. ಬಲಸುತ್ತಿನ ಬಾಯಲ್ಲಿ ಒಂದು ಕ್ಷಣ ನಿಂತಿತು. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಆ ಮುದುಕಿಯ ಹಿಡಿತದಲ್ಲಿ ನನ್ನ ಕೈ ಮರಗಟ್ಟಿತು. ಕಾರು ಮತ್ತೆ ಹೊರಟು, ಬಿಳಿ ಗೆರೆಯ ಒಳಗೆ ಸದ್ದಿಲ್ಲದೆ ಸುತ್ತಿ ಬಂತು.

ಪಾಸು ಎಂದು ಕೇಳಿದ ಮೇಲೂ ಅಕ್ಕ ನಗಲಿಲ್ಲ. ಮೈದುನ ಚಾಲಕನ ಸೀಟಿನ ಬಾಗಿಲಿಗೆ ಕೈ ಹಾಕಿದ. "ಸರೀರಿ ವೈನಿ, ಇನ್ನ ನಾ ಒಯ್ತೀನಿ. ಲೈಸನ್ಸ್ ಕೈಗೆ ಬರೂ ತನಕ ನಾ ಬಾಜೂಕ ಇರಬೇಕಲ್ಲ."

"ಬಾಜೂಕ ಅಂದಿ ನೋಡು, ಬಾಜೂಕ ಕೂಡು" ಎಂದರು ಅಕ್ಕ.

ಅವನು ಪಕ್ಕದ ಸೀಟಿಗೆ ಹೋದ. ನಾನೂ ಅತ್ತೆಯೂ ಹಿಂದೆ, ನಮ್ಮ ನಡುವೆ ಬಟ್ಟೆ ಕಟ್ಟಿದ ರೊಟ್ಟಿಯ ಬುಟ್ಟಿ. ಗೇಟು ದಾಟಿ ರಸ್ತೆಗೆ ಬಂದೆವು.

"ಹಿಂಗ ಎಡಕ್ಕ ಹಿಡಕೊಂಡು ಹೋಗ್ರಿ, ಸೀದಾ ಮನಿಗೆ" ಎಂದ ಮೈದುನ.

ಅಕ್ಕನ ಬೆರಳು ಇಂಡಿಕೇಟರಿನ ಕಡ್ಡಿಯನ್ನು ಇನ್ನೊಂದು ಕಡೆಗೆ ತಳ್ಳಿತು. ಟಿಕ್ ಟಿಕ್ ಎಂದು ಬಲಗಡೆಯ ಬಾಣ ಮಿನುಗಿತು.

"ಅಮೀರ್‌ಪೇಟ್ ಆ ಕಡೆ ಅಲ್ಲೇನು?" ಎಂದರು ಅಕ್ಕ. "ಹುಡುಗ್ರು ಹಸದಿರತಾವ."

ಡಿವೈಡರಿನ ಕಂಡಿಯಲ್ಲಿ ಎದುರಿನ ಬಸ್ಸಿಗೆ ದಾರಿ ಬಿಟ್ಟು, ಹಿಡಿಕೆ ಹಿಡಿದ ಮುಷ್ಟಿಯನ್ನು ಅವರು ಪೂರ್ತಿ ಸುತ್ತಿಸಿದರು. ಕಾರು ಒಂದೇ ಬೀಸಿಗೆ ತಿರುಗಿ ಆಚೆಯ ರಸ್ತೆಗೆ ಕೂಡಿತು. ಮುಷ್ಟಿ ಸಡಿಲಾಯಿತು, ಚಕ್ರ ತಾನಾಗಿ ಬಿಚ್ಚಿಕೊಳ್ಳುತ್ತ ಬಂದು ನಡುವಿಗೆ ನಿಂತಿತು. ಟಕ್ ಎಂದು ಇಂಡಿಕೇಟರು ತಾನೇ ಆರಿತು.